ಸಾಕುನಾಯಿಗೆ ಕ್ಯಾನ್ಸರ್ ಎಂದಾಗ ಯಾವ ಚಿಕಿತ್ಸೆ, ಎಲ್ಲಿಯವರೆಗೆ: ಚಿಕ್ಕಬಳ್ಳಾಪುರ ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಾಕ್ಟರು ನಾಯಿಯ ಗಂಟು ಮುಟ್ಟಿ ನೋಡಿ "ಕ್ಯಾನ್ಸರ್ ಇರಬಹುದು" ಅಂದರು ಎಂದರೆ ಮನೆಯಲ್ಲಿ ಅವತ್ತೇ ಎರಡು ಪಕ್ಷ ಆಗಿಬಿಡುತ್ತದೆ. "ಎಷ್ಟ್ ಖರ್ಚಾದ್ರೂ ಆಗ್ಲಿ, ಬೆಂಗ್ಳೂರಿಗೆ ಕರ್ಕೊಂಡೋಗಾಣ" ಅಂತ ಮಕ್ಕಳು. "ಮೂಕಪ್ರಾಣಿ, ಅದಕ್ಯಾಕೆ ಹಿಂಸೆ, ಇರೋಷ್ಟು ದಿನ ಇರ್ಲಿ ಬಿಡ್ರಪ್ಪ" ಅಂತ ಹಿರಿಯರು. ಇಬ್ಬರ ಮಾತಿನಲ್ಲೂ ಇರುವುದು ಪ್ರೀತಿಯೇ. ಆದರೆ ಇಬ್ಬರೂ ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ ತೀರ್ಮಾನಕ್ಕೆ ಬಂದಿರುತ್ತಾರೆ.

ನಾಯಿಗಳಲ್ಲಿ ವಾರಕ್ಕೊಂದು ಇಂಜೆಕ್ಷನ್‌ನಂತೆ ಒಂದೆರಡು ತಿಂಗಳಲ್ಲಿ ಪೂರ್ತಿ ವಾಸಿಯಾಗುವ ಕ್ಯಾನ್ಸರ್ ಇದೆ. ಒಂದೇ ಆಪರೇಷನ್ನಿಗೆ ಮುಗಿದುಹೋಗುವುದಿದೆ. ಎಷ್ಟೇ ದುಡ್ಡು ಸುರಿದರೂ ಆರು ತಿಂಗಳು ದಾಟಿಸುವುದು ಕಷ್ಟ ಅನ್ನುವಂಥದೂ ಇದೆ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಿದರೆ ವಾಸಿಯಾಗುವ ನಾಯಿಯನ್ನು ಕೈಬಿಡುತ್ತೇವೆ, ಇಲ್ಲವೇ ಬಿಟ್ಟುಕೊಡಬೇಕಾದ ನಾಯಿಯನ್ನು ಸುಮ್ಮನೆ ಅಲೆದಾಡಿಸುತ್ತೇವೆ. ಹಾಗಾಗಿ ಮೊದಲು ಹೆಸರು, ಆಮೇಲೆ ತೀರ್ಮಾನ.

1. ಗಂಟು ಕಂಡ ದಿನ

ಗಂಟಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೊ ತೆಗೆಯಿರಿ. ಎಲ್ಲಿದೆ, ಗಟ್ಟಿಯೋ ಮೆತ್ತಗೋ, ಚರ್ಮದ ಜೊತೆ ಜರುಗುತ್ತದೋ ಒಳಗೆ ಅಂಟಿಕೊಂಡಿದೆಯೋ ಬರೆದಿಡಿ. ಒಂದು ಸೆಂಟಿಮೀಟರಿಗಿಂತ ದೊಡ್ಡದಿದ್ದು ತಿಂಗಳಾದರೂ ಹೋಗದ ಗಂಟನ್ನು ಪರೀಕ್ಷೆ ಮಾಡಿಸಲೇಬೇಕು. ದಿನದಿನಕ್ಕೆ ದಪ್ಪವಾಗುತ್ತಿದ್ದರೆ, ಒಡೆದು ನೀರು ಅಥವಾ ರಕ್ತ ಬರುತ್ತಿದ್ದರೆ ತಿಂಗಳು ಕಾಯಬೇಡಿ. ವಯಸ್ಸಾದ ನಾಯಿಗಳ ಚರ್ಮದಡಿ ಬರುವ ಮೆತ್ತನೆ ಗಂಟುಗಳಲ್ಲಿ ಎಷ್ಟೋ ಬರೀ ಕೊಬ್ಬಿನ ಗಂಟುಗಳು. ಅದನ್ನು ಬೆರಳಿನಿಂದ ಒತ್ತಿ ನೋಡಿ ಖಚಿತವಾಗಿ ಹೇಳುವುದು ಡಾಕ್ಟರಿಂದಲೂ ಆಗುವುದಿಲ್ಲ.

ಗಂಟೇ ಇಲ್ಲದೆಯೂ ಕ್ಯಾನ್ಸರ್ ಬರುತ್ತದೆ. ಕಾರಣವಿಲ್ಲದೆ ಸೊರಗುವುದು, ಮಾಯದ ಹುಣ್ಣು, ಬಾಯಿಂದ ವಾಸನೆಯ ಜೊತೆ ರಕ್ತ, ಪೆಟ್ಟು ಬೀಳದಿದ್ದರೂ ಬಿಡದ ಕುಂಟು, ಉಚ್ಚೆಯಲ್ಲಿ ರಕ್ತ, ಇವನ್ನೆಲ್ಲ ಗಮನಕ್ಕೆ ತಂದುಕೊಳ್ಳಿ.

ಗಂಟನ್ನು ಹಿಸುಕಬೇಡಿ, ದಾರ ಕಟ್ಟಬೇಡಿ, ಸುಡಬೇಡಿ, ಸುಣ್ಣ ಮೆತ್ತಬೇಡಿ. ‘ಮಾಸ್ಟ್ ಸೆಲ್’ ಅನ್ನುವ ಚರ್ಮದ ಗಡ್ಡೆಯನ್ನು ಹಿಸುಕಿದರೆ ಅದರಿಂದ ಹಿಸ್ಟಮಿನ್ ಬಿಡುಗಡೆಯಾಗಿ ಸುತ್ತಲೂ ಕೆಂಪಗೆ ಊದಿಕೊಳ್ಳುತ್ತದೆ, ವಾಂತಿಯೂ ಆಗಬಹುದು.

ಮತ್ತೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹೆಸರು ಗೊತ್ತಾಗುವ ಮುಂಚೆ ಪ್ರೆಡ್ನಿಸೊಲೊನ್ ಥರದ ಸ್ಟೀರಾಯ್ಡ್ ಶುರು ಮಾಡಬೇಡಿ. ಯಾರಾದರೂ ಬರೆದುಕೊಟ್ಟರೆ "ಸಾರ್, ಮೊದ್ಲು ಸೂಜಿ ಟೆಸ್ಟ್ ಮಾಡಿಬಿಡಾಣ್ವಾ?" ಅಂತ ಕೇಳಿ. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಕ್ಯಾನ್ಸರ್, ಇದ್ದರೆ ಸ್ಟೀರಾಯ್ಡಿಗೆ ಗಂಟು ಕೆಲವೇ ದಿನಗಳಲ್ಲಿ ಕರಗಿ, ವಾಸಿಯಾಯಿತು ಅನಿಸಿಬಿಡುತ್ತದೆ. ಆಮೇಲೆ ಪರೀಕ್ಷೆಯಲ್ಲಿ ಕಾಯಿಲೆ ಸರಿಯಾಗಿ ಕಾಣುವುದಿಲ್ಲ, ಮುಂದೆ ಕೊಡುವ ಕೀಮೋ (ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ) ಕೂಡ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

2. ಸೂಜಿ ಪರೀಕ್ಷೆ

ಇದನ್ನು ಎಫ್‌ಎನ್‌ಎಸಿ ಅನ್ನುತ್ತಾರೆ. ರಕ್ತ ತೆಗೆಯುವಂಥದೇ ತೆಳು ಸೂಜಿಯನ್ನು ಗಂಟಿನೊಳಗೆ ಹಾಕಿ ಎರಡು ಮೂರು ದಿಕ್ಕಿಗೆ ಆಡಿಸುತ್ತಾರೆ. ಸಿರಿಂಜಿನಲ್ಲಿ ಏನೂ ಬಂದ ಹಾಗೆ ಕಾಣುವುದಿಲ್ಲ. ಸೂಜಿಯೊಳಗೆ ಸಿಕ್ಕಿದ್ದನ್ನು ಗಾಳಿ ಒತ್ತಿ ಗಾಜಿನ ಸ್ಲೈಡಿನ ಮೇಲೆ ಬೀಳಿಸಿ, ಇನ್ನೊಂದು ಸ್ಲೈಡಿನಿಂದ ಮೆಲ್ಲಗೆ ಎಳೆದು, ಗಾಳಿಗೆ ಒಣಗಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹೆಚ್ಚಿನ ನಾಯಿಗಳಿಗೆ ಮಂಪರು ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯ ನಮ್ಮ ಕಡೆ ಬಹಳ. ಮೂತ್ರಕೋಶದ ಗಡ್ಡೆಯಂಥ ಕೆಲವನ್ನು ಬಿಟ್ಟರೆ ಆ ಭಯಕ್ಕೆ ಆಧಾರವಿಲ್ಲ.

ಸೂಜಿಯಲ್ಲಿ ತಿಳಿಯದಿದ್ದರೆ ಬಯಾಪ್ಸಿ. ಗಂಟಿನ ಚೂರನ್ನೋ ಇಡೀ ಗಂಟನ್ನೋ ತೆಗೆದು, ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ (ಕೊಳೆಯದಂತೆ ಇಡುವ ದ್ರವ) ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ನೀವೇ ಒಯ್ಯುವುದಾದರೆ ಒಂದು ಎಚ್ಚರ: ಸ್ಲೈಡುಗಳನ್ನೂ ಫಾರ್ಮಲಿನ್ ಬಾಟಲಿಯನ್ನೂ ಒಂದೇ ಕವರಿನಲ್ಲಿ ಇಡಬೇಡಿ. ಆ ಆವಿಗೆ ಸ್ಲೈಡು ಕೆಟ್ಟು, ಮತ್ತೆ ಚುಚ್ಚಿಸಿಕೊಳ್ಳುವ ಪಾಡು ನಾಯಿಗೆ ಬರುತ್ತದೆ. ಆಪರೇಷನ್ ಮಾಡಿಸಿದವರು ತೆಗೆದ ಗಡ್ಡೆಯನ್ನು ಎಸೆಯಲು ಬಿಡಲೇಬಾರದು. ಅದು ಯಾವ ಗಡ್ಡೆ, ಅಂಚಿನವರೆಗೆ ಪೂರ್ತಿ ಬಂದಿದೆಯೋ ಇಲ್ಲವೋ ಅನ್ನುವುದನ್ನು ಲ್ಯಾಬಿನ ಹಿಸ್ಟೊಪೆಥಾಲಜಿ (ಅಂಗಾಂಶ ಪರೀಕ್ಷೆ) ವರದಿಯೊಂದೇ ಹೇಳಬಲ್ಲದು.

ಚಿಕ್ಕಬಳ್ಳಾಪುರದವರಿಗೆ ಒಂದು ಅನುಕೂಲವಿದೆ. 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ಹೈವೇ ಬೆಂಗಳೂರು ಮುಟ್ಟುವ ಕಡೆಯೇ ಇದೆ. ಊರೊಳಗೆ ಹೊಕ್ಕು ಸುತ್ತಬೇಕಿಲ್ಲ. ಗೌರಿಬಿದನೂರಿನವರು ದೊಡ್ಡಬಳ್ಳಾಪುರ, ಯಲಹಂಕದ ಮೇಲೆ ಬರಬಹುದು. ಚಿಂತಾಮಣಿಯವರಿಗೆ ಹೊಸಕೋಟೆ ದಾರಿ. ಆದರೂ ಮೊದಲ ಸೂಜಿ ಪರೀಕ್ಷೆಯನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಆಗುತ್ತದೆಯೇ ಅಂತ ಕೇಳಿ. ಡಾಕ್ಟರು ಸ್ಲೈಡ್ ಮಾಡಿಕೊಟ್ಟರೆ ಸ್ಲೈಡ್ ಮಾತ್ರ ಬೆಂಗಳೂರಿಗೆ ಹೋದರೆ ಸಾಕು, ನಾಯಿ ಹೋಗಬೇಕಿಲ್ಲ.

ಕುತ್ತಿಗೆ, ಭುಜದ ಮುಂದೆ, ಮಂಡಿಯ ಹಿಂದೆ ಗಂಟುಗಳು ಒಟ್ಟೊಟ್ಟಿಗೆ ಊದಿದ್ದರೆ ಲಿಂಫೋಮಾ ಅಂತ ಹೆದರುವ ಮುಂಚೆ ಟಿಕ್ ಫೀವರಿನ ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಜ್ವರದಲ್ಲೂ ದುಗ್ಧಗ್ರಂಥಿಗಳು ಊದುತ್ತವೆ. ಅದು ಮಾತ್ರೆಗೆ ಗುಣವಾಗುವ ಕಾಯಿಲೆ. ದನಕರು ಇರುವ ಮನೆಯ ನಾಯಿಗೆ ಉಣ್ಣೆ ತಪ್ಪಿದ್ದಲ್ಲ.

3. ಎಷ್ಟು ಹರಡಿದೆ

ಎದೆಯ ಎಕ್ಸ್‌ರೇ (ಎರಡು ಮಗ್ಗುಲಿನಿಂದ, ಮೇಲಿನಿಂದ, ಹೀಗೆ ಮೂರು), ಹೊಟ್ಟೆಯ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಹತ್ತಿರದ ದುಗ್ಧಗ್ರಂಥಿಗೆ ಸೂಜಿ. ಎಲ್ಲ ಕಾಯಿಲೆಗೂ ಎಲ್ಲವೂ ಬೇಕಿಲ್ಲ. ಆದರೆ ದೊಡ್ಡ ಆಪರೇಷನ್ನಿಗೆ ಮುಂಚೆ ಎದೆಯ ಎಕ್ಸ್‌ರೇ ಬಿಡಬೇಡಿ. ಶ್ವಾಸಕೋಶಕ್ಕೆ ಆಗಲೇ ಹರಡಿದ್ದರೆ ಆ ಕೊಯ್ತದ ನೋವಿನಿಂದ ನಾಯಿಗೆ ಸಿಗುವುದು ಬಹಳ ಕಡಿಮೆ. ಪ್ರತಿ ಪರೀಕ್ಷೆಗೂ ಮೊದಲು "ಇದರ ರಿಪೋರ್ಟ್ ಬಂದ್ರೆ ನಮ್ ತೀರ್ಮಾನ ಬದಲಾಗುತ್ತಾ ಸಾರ್?" ಅಂತ ಕೇಳಿ. ಬದಲಾಗುವುದಿಲ್ಲ ಅಂದರೆ ಆ ದುಡ್ಡು ಉಳಿಸಿಕೊಳ್ಳಿ.

4. ಯಾವುದಕ್ಕೆ ಏನು

ಟಿವಿಟಿ (ನಾಯಿಯಿಂದ ನಾಯಿಗೆ ಅಂಟುವ ಜನನಾಂಗದ ಗಡ್ಡೆ). ನಮ್ಮ ಊರುಗಳಲ್ಲಿ, ಬಿಡಾಡಿ ನಾಯಿಗಳ ಜೊತೆ ಬೆರೆಯುವ ತೋಟದ ನಾಯಿಗಳಲ್ಲಿ, ಬಹಳ ಕಾಣುವ ಕ್ಯಾನ್ಸರ್ ಇದು. ಕೂಡುವಾಗ, ಮೂಸುವಾಗ, ನೆಕ್ಕುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಜೀವಂತ ಕ್ಯಾನ್ಸರ್ ಕೋಶಗಳೇ ದಾಟುತ್ತವೆ. ಮನುಷ್ಯರಿಗೆ ಬರುವುದಿಲ್ಲ. ಜನನಾಂಗದಲ್ಲಿ ಹೂಕೋಸಿನ ಥರ ಕೆಂಪು ಗಡ್ಡೆ, ತೊಟ್ಟಿಕ್ಕುವ ರಕ್ತ. ಕೆಲವೊಮ್ಮೆ ಮೂಗಿನಲ್ಲೂ ಬರುತ್ತದೆ.

ಶಿಡ್ಲಘಟ್ಟದ ಕಡೆಯ ರೈತರೊಬ್ಬರು ತಮ್ಮ ನಾಯಿಯನ್ನು ಟಿವಿಎಸ್ ಎಕ್ಸೆಲ್ ಮುಂದೆ ಟೊಮೆಟೊ ಕ್ರೇಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಂದಿದ್ದರು. ಕ್ರೇಟಿನ ತಳದಲ್ಲಿ ಹಾಸಿದ್ದ ಗೋಣಿಚೀಲ ರಕ್ತದಲ್ಲಿ ನೆನೆದಿತ್ತು. "ಕ್ಯಾನ್ಸರ್ ಅಂತವ್ರೆ ಸಾರ್. ಇಂಜೆಕ್ಷನ್ ಕೊಟ್ ಮಲಗ್ಸಿಬಿಡಿ, ನೋಡಕ್ಕಾಗ್ತಿಲ್ಲ" ಅಂದರು. ಡಾಕ್ಟರು ಗಡ್ಡೆ ನೋಡಿ, "ಯಜಮಾನ್ರೇ, ಇದು ವಾಸಿಯಾಗೋ ಕ್ಯಾನ್ಸರ್ರು. ಪ್ರತಿ ವಾರ ತಪ್ಪಿಸ್ದೆ ಕರ್ಕೊಂಡ್ ಬರ್ತೀನಿ ಅನ್ನಿ, ಸಾಕು" ಅಂದರು. ವಿನ್‌ಕ್ರಿಸ್ಟೀನ್ ಅನ್ನುವ ಹಳೆಯ, ದುಬಾರಿಯಲ್ಲದ ಇಂಜೆಕ್ಷನ್ನನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕೆಲವಕ್ಕೆ ಎಂಟು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಯಿಗಳು ಗುಣವಾಗುತ್ತವೆ. ರಕ್ತ ನಿಂತಿತು ಅಂತ ಎರಡೇ ವಾರಕ್ಕೆ ಬಿಟ್ಟರೆ ಮತ್ತೆ ಬರುತ್ತದೆ. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಆ ಜಾಗದ ಮಾಂಸ ಕೊಳೆಯುತ್ತದೆ, ಹಾಗಾಗಿ ಮನೆಗೆ ಬಂದು ಯಾರೋ ಚುಚ್ಚಿಹೋಗುವ ಇಂಜೆಕ್ಷನ್ ಇದಲ್ಲ. ಈ ಒಂದು ಕ್ಯಾನ್ಸರಿಗೆ ನನ್ನ ಉತ್ತರ ನೇರ: ಚಿಕಿತ್ಸೆ ಕೊಡಿಸಿ.

ಮೊಲೆಯ ಗಡ್ಡೆ. ಸಂತಾನಹರಣ ಆಗದ ಹೆಣ್ಣು ನಾಯಿಗಳಲ್ಲಿ ಅತಿ ಸಾಮಾನ್ಯ. ಸರಿಸುಮಾರು ಅರ್ಧದಷ್ಟು ಕ್ಯಾನ್ಸರ್ ಅಲ್ಲದವು. ಕ್ಯಾನ್ಸರ್ ಆಗಿದ್ದರೂ ಮೂರು ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ತೆಗೆಸಿದರೆ ಫಲಿತಾಂಶ ಬಹಳ ಉತ್ತಮ. ಕಡಲೆಕಾಳಿನಷ್ಟಿದ್ದಾಗ "ಹಾಲು ಕಟ್ಟಿರ್ಬೇಕು" ಅಂತ ಬಿಟ್ಟು ತೆಂಗಿನಕಾಯಿಯಷ್ಟಾಗಿ ನೆಲಕ್ಕೆ ಉಜ್ಜಿ ಒಡೆದ ಮೇಲೆ ಕರೆತರುವವರೇ ಹೆಚ್ಚು, ಅದೇ ನನಗೆ ಸಂಕಟ. ಆದರೆ ಇಡೀ ಸಾಲು ಕೆಂಪಗೆ, ಬಿಸಿಯಾಗಿ, ಹಲಗೆಯಂತೆ ಗಟ್ಟಿಯಾಗಿದ್ದರೆ ಅದು ಉರಿಯೂತದ ಜಾತಿಯ ಕ್ಯಾನ್ಸರ್ ಇರಬಹುದು. ಅದನ್ನು ಕೊಯ್ಯುವುದರಿಂದ ಉಪಯೋಗವಿಲ್ಲ.

ಲಿಂಫೋಮಾ. ಮನೆಯವರಿಗೆ ಅತಿ ಕಷ್ಟದ ತೀರ್ಮಾನ ಇದೇ. ಏನೂ ಮಾಡದಿದ್ದರೆ ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳು. ಸ್ಟೀರಾಯ್ಡ್ ಮಾತ್ರೆ ಒಂದೇ ಆದರೆ ಒಂದರಿಂದ ಮೂರು ತಿಂಗಳು. ನಾಲ್ಕು ಔಷಧಿಗಳ ‘ಚಾಪ್’ ಕೀಮೋದಲ್ಲಿ ಹತ್ತರಲ್ಲಿ ಎಂಟರಿಂದ ಒಂಬತ್ತು ನಾಯಿಗಳಿಗೆ ಗಂಟು ಇಳಿಯುತ್ತದೆ, ಬಿ-ಸೆಲ್ ಅನ್ನುವ ಬಿಳಿ ರಕ್ತಕಣದಿಂದ ಹುಟ್ಟಿದ ಜಾತಿಯಾದರೆ ಸುಮಾರು ಒಂದು ವರ್ಷ ಸಿಗುತ್ತದೆ. ಟಿ-ಸೆಲ್ ಅನ್ನುವ ಕಣದ್ದಾದರೆ ಅದಕ್ಕಿಂತ ಕಡಿಮೆ. ಪೂರ್ತಿ ವಾಸಿಯಾಗುವುದು ಅಪರೂಪ. ಸುಮಾರು ಐದಾರು ತಿಂಗಳು ಪದೇ ಪದೇ ಆಸ್ಪತ್ರೆಗೆ ಹೋಗಬೇಕು. ಸಿಗುವ ಒಂದು ವರ್ಷದ ಬಹುಪಾಲು ನಾಯಿ ಓಡಾಡಿಕೊಂಡು, ಗೇಟಿನ ಹತ್ತಿರ ಬೊಗಳಿಕೊಂಡು ಇರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾಸ್ಟ್ ಸೆಲ್ ಗಡ್ಡೆಗೆ ಸುತ್ತಲಿನ ಎರಡು ಮೂರು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ಅಗಲವಾಗಿ ತೆಗೆಯಬೇಕು. ಕಡಿಮೆ ದರ್ಜೆಯದಾದರೆ, ಅಂದರೆ ಉಗ್ರವಲ್ಲದ್ದಾದರೆ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಮೊದಲ ಆಪರೇಷನ್ ಸರಿಯಾಗಿ ಆಗುವುದು ಮುಖ್ಯ.

ಮೂಳೆ ಕ್ಯಾನ್ಸರ್ ದೊಡ್ಡ ಜಾತಿಯ ನಾಯಿಗಳಿಗೆ ಹೆಚ್ಚು. ಕಾಲು ತೆಗೆಯಬೇಕು ಅಂದಾಗ ಮನೆಯವರ ಎದೆ ಒಡೆಯುತ್ತದೆ. ಆದರೆ ಆ ಕಾಲಿನ ಮೂಳೆ ಒಳಗಿನಿಂದ ಕರಗುತ್ತಿರುತ್ತದೆ, ನಾಯಿ ಹಗಲೂ ರಾತ್ರಿ ಆ ನೋವಿನಲ್ಲೇ ಇರುತ್ತದೆ. ಉಳಿದ ಮೂರು ಕಾಲು ಗಟ್ಟಿಯಾಗಿದ್ದರೆ ನಾಯಿ ಬೇಗ ಹೊಂದಿಕೊಂಡು ಓಡಾಡುತ್ತದೆ. ಕಾಲು ತೆಗೆಸಿದರೆ ನಾಲ್ಕೈದು ತಿಂಗಳು, ಜೊತೆಗೆ ಕೀಮೋ ಕೊಡಿಸಿದರೆ ಹತ್ತರಿಂದ ಹನ್ನೆರಡು ತಿಂಗಳು ಅನ್ನುವುದು ಸರಾಸರಿ ಲೆಕ್ಕ.

ಗುಲ್ಮದ (ಸ್ಪ್ಲೀನ್) ಹೆಮಾಂಜಿಯೋಸಾರ್ಕೋಮಾ ಅನ್ನುವ ರಕ್ತನಾಳದ ಕ್ಯಾನ್ಸರ್ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದಾಗ ನಾಯಿ ಇದ್ದಕ್ಕಿದ್ದಂತೆ ಕುಸಿಯುತ್ತದೆ, ವಸಡು ಬೆಳ್ಳಗಾಗುತ್ತದೆ. ಆಪರೇಷನ್ ಮಾಡಿದರೂ ಒಂದರಿಂದ ಮೂರು ತಿಂಗಳು, ಕೀಮೋ ಸೇರಿದರೆ ನಾಲ್ಕರಿಂದ ಆರು. ಗುಲ್ಮದ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ, ಹಾಗಾಗಿ ರಕ್ತ ಸುರಿಯದೆ ಸ್ಕ್ಯಾನಿಂಗಿನಲ್ಲಿ ಸಿಕ್ಕ ಗಡ್ಡೆಯನ್ನು ತೆಗೆಸುವುದಕ್ಕೆ ಅರ್ಥವಿದೆ. ಹರಡಿದ್ದು ಕಣ್ಣಿಗೆ ಕಾಣುತ್ತಿರುವಾಗ, ಹನ್ನೆರಡು ವರ್ಷದ ನಾಯಿ ಮೇಜಿನ ಮೇಲೆ ಸುಸ್ತಾಗಿ ಮಲಗಿರುವಾಗ, "ಸಾಕು" ಅನ್ನುವ ಮನೆಯವರನ್ನು ಯಾರೂ ಕಟುಕರು ಅನ್ನಬಾರದು.

ಹಾಗೆಂದು ವಯಸ್ಸೇ ಕಾಯಿಲೆಯಲ್ಲ. ಕಿಡ್ನಿ, ಲಿವರ್, ಹೃದಯ ಸರಿಯಿದ್ದರೆ ಹತ್ತು ದಾಟಿದ ನಾಯಿಯೂ ಆಪರೇಷನ್ ತಡೆದುಕೊಳ್ಳುತ್ತದೆ.

5. ಡಾಕ್ಟರ ಮುಂದೆ ಕೂತಾಗ

ಗಾಬರಿಯಲ್ಲಿ ಕೇಳಬೇಕಾದ್ದು ಮರೆತುಹೋಗುತ್ತದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮನೆಯ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ. ಈ ಚಿಕಿತ್ಸೆ ವಾಸಿ ಮಾಡುವುದಕ್ಕೋ, ಕಾಲ ಎಳೆಯುವುದಕ್ಕೋ, ನೋವು ಕಡಿಮೆ ಮಾಡುವುದಕ್ಕೋ? ಏನೂ ಮಾಡದಿದ್ದರೆ ಏನಾಗುತ್ತದೆ, ಯಾವ ಥರದ ಸಾವು ಬರುತ್ತದೆ? ಒಂದು ಸಲದ ಖರ್ಚಲ್ಲ, ರಕ್ತ ಪರೀಕ್ಷೆ ಎಲ್ಲ ಸೇರಿ ಕೊನೆಯವರೆಗಿನ ಒಟ್ಟು ಎಷ್ಟು? ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೆ ನಾಯಿಗೆ ತೊಂದರೆಯೇ? ಇಂಥ ಕೀಮೋ ನೀವು ಮಾಡಿ ಅನುಭವವಿದೆಯೇ? ಕೊನೆಯ ಪ್ರಶ್ನೆ ಕೇಳಲು ಸಂಕೋಚ ಪಡಬೇಡಿ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

"ನಿಮ್ ನಾಯಿ ಆಗಿದ್ರೆ ಏನ್ ಮಾಡ್ತಿದ್ರಿ ಸಾರ್?" ಅಂತಲೂ ಕೇಳಿ. ಲಿಂಫೋಮಾ ಬಿಟ್ಟರೆ ಹೆಚ್ಚಿನವಕ್ಕೆ ಮೂರು ನಾಲ್ಕು ದಿನ ಯೋಚಿಸಲು ಸಮಯವಿರುತ್ತದೆ. ರಕ್ತಸ್ರಾವದ ತುರ್ತು ಬೇರೆ.

6. ಮನೆಯ ಲೆಕ್ಕ

ದುಡ್ಡಿನ ಮಾತನ್ನು ಮುಚ್ಚಿಡಬೇಡಿ. ವಾರವಾರ ಹೆಬ್ಬಾಳಕ್ಕೆ ಹೋಗಿಬರುವುದು ಅಂದರೆ ಗಾಡಿ ಬಾಡಿಗೆ, ಒಂದು ದಿನದ ದುಡಿಮೆ, ಹಸುಗಳಿಗೆ ಹೊತ್ತಿಗೆ ಮೇವು ಹಾಕುವವರು ಯಾರು ಅನ್ನುವುದೆಲ್ಲ ಸೇರುತ್ತದೆ. ವಾರದ ಕೊನೆಯಲ್ಲಿ ಹೋಗಬೇಡಿ. ನಂದಿ ಬೆಟ್ಟದ ಗಾಡಿಗಳ ನಡುವೆ ಸಿಕ್ಕಿಕೊಂಡು ನಾಯಿ ಬಿಸಿಲಲ್ಲಿ ಬಾಯಿ ಬಿಡುವ ಹಾಗಾಗುತ್ತದೆ. ಸಾಲ ಮಾಡಿ ಕೀಮೋ ಕೊಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನೋವು ನಿವಾರಿಸಿ ಚೆನ್ನಾಗಿ ನೋಡಿಕೊಳ್ಳುವುದೂ ಚಿಕಿತ್ಸೆಯೇ.

ನಾಯಿಯ ಸ್ವಭಾವವನ್ನೂ ನೋಡಿ. ಗಾಡಿ ಹತ್ತಿದರೆ ಖುಷಿಪಡುವ, ಯಾರು ಮುಟ್ಟಿದರೂ ಬಾಲ ಆಡಿಸುವ ಲ್ಯಾಬ್ರಡಾರ್‌ಗೆ ವಾರವಾರದ ಆಸ್ಪತ್ರೆ ಒಂದು ಸುತ್ತಾಟ. ಅಪರಿಚಿತರನ್ನು ಕಂಡರೆ ನಡುಗುವ, ತೋಟ ಬಿಟ್ಟು ಆಚೆ ಕಾಲಿಡದ ಕಾವಲು ನಾಯಿಗೆ ಅದೇ ಪ್ರತಿ ವಾರದ ಭಯ. ಒಂದೇ ಕಾಯಿಲೆಗೆ ಇವೆರಡಕ್ಕೂ ಬೇರೆ ಬೇರೆ ತೀರ್ಮಾನ ಮಾಡಿದರೆ ಎರಡೂ ಸರಿಯೇ.

7. ಕೀಮೋ ಶುರು ಮಾಡಿದರೆ

ಮನುಷ್ಯರಿಗೆ ಕೊಡುವಷ್ಟು ಉಗ್ರ ಪ್ರಮಾಣದಲ್ಲಿ ನಾಯಿಗೆ ಕೊಡುವುದಿಲ್ಲ. ಪೂಡಲ್‌ನಂಥ ಸದಾ ಕೂದಲು ಬೆಳೆಯುವ ಜಾತಿಗಳನ್ನು ಬಿಟ್ಟರೆ ಕೂದಲು ಉದುರುವುದೂ ಕಡಿಮೆ. ಎರಡನೇ ದಿನದಿಂದ ಐದನೇ ದಿನದವರೆಗೆ ವಾಂತಿ, ಭೇದಿ, ಊಟ ಬೇಡ ಅನ್ನುವುದು ಇರಬಹುದು. ಅದಕ್ಕೆ ಬೇಕಾದ ಮಾತ್ರೆಗಳನ್ನು ಮುಂಚೆಯೇ ಕೇಳಿ ಇಟ್ಟುಕೊಳ್ಳಿ.

ನಿಜವಾದ ಅಪಾಯ ಏಳರಿಂದ ಹತ್ತನೇ ದಿನದ ಹೊತ್ತಿಗೆ, ಬಿಳಿ ರಕ್ತಕಣ ಇಳಿದಾಗ. ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೆ ಅಂತಲೇ ಇಡಿ. ತುದಿಗೆ ವ್ಯಾಸಲಿನ್ ಹಚ್ಚಿ ಗುದದಲ್ಲಿಟ್ಟು ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿ ನಾಯಿ ಮಂಕಾಗಿದ್ದರೆ ಬೆಳಗಾಗಲಿ ಅನ್ನಬೇಡಿ, ತಕ್ಷಣ ಫೋನ್ ಮಾಡಿ.

ಕೀಮೋ ಔಷಧಿಗಳಲ್ಲಿ ಒಂದಾದ ಸೈಕ್ಲೋಫಾಸ್ಫಮೈಡ್ ಕೊಟ್ಟ ದಿನ ನೀರು ಚೆನ್ನಾಗಿ ಕುಡಿಸಿ, ಮತ್ತೆ ಮತ್ತೆ ಉಚ್ಚೆಗೆ ಬಿಡಿ, ಅದು ಮೂತ್ರಕೋಶವನ್ನು ಸುಡುತ್ತದೆ. ಇನ್ನೊಂದು ಕೀಮೋ ಔಷಧಿ ಡಾಕ್ಸೊರುಬಿಸಿನ್ ಹೃದಯಕ್ಕೆ ಭಾರ, ಒಟ್ಟು ಪ್ರಮಾಣಕ್ಕೆ ಮಿತಿ ಇದೆ. ಕೀಮೋ ಆದ ಮೂರು ದಿನ ಉಚ್ಚೆ, ಕಕ್ಕ, ವಾಂತಿಯನ್ನು ಗ್ಲೌಸ್ ಹಾಕಿಯೇ ಬಳಿಯಬೇಕು. ಬಸುರಿಯರು, ಮಕ್ಕಳು ದೂರವಿರಲಿ. ಮಾತ್ರೆ ಪುಡಿ ಮಾಡಬೇಡಿ.

ಊಟ: ರಾಗಿ ಮುದ್ದೆ, ಬೇಯಿಸಿದ ಕೋಳಿ, ಮೊಟ್ಟೆ, ಮೊಸರು ಎಲ್ಲ ಸರಿ. ಕೋಳಿ ಅಂಗಡಿಯ ಹಸಿ ವೇಸ್ಟ್ ಈ ಕಾಲದಲ್ಲಿ ಬೇಡವೇ ಬೇಡ, ಸೋಂಕು ತಗಲುತ್ತದೆ. ಈರುಳ್ಳಿ ಬಿದ್ದ ಸಾರು ಹಾಕಬೇಡಿ. ನಮ್ಮ ಕಡೆ ಬಾಯಾರಿಕೆಗೆ ಅಂತ ದ್ರಾಕ್ಷಿ ಕೊಡುವವರಿದ್ದಾರೆ. ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ, ಆರೋಗ್ಯವಾಗಿರುವ ನಾಯಿಗೂ ಅದು ವಿಷ.

8. ಕೀಮೋ, ಆಪರೇಷನ್ ಬೇಡ ಅಂದರೆ

ಬೇಡ ಅಂದ ಮಾತ್ರಕ್ಕೆ ಡಾಕ್ಟರ ಸಹವಾಸ ಬಿಡಬೇಡಿ. ನೋವಿಗೆ ಮೆಲಾಕ್ಸಿಕಾಮ್, ಗ್ಯಾಬಾಪೆಂಟಿನ್, ಟ್ರಮಡಾಲ್ ಥರದ ಔಷಧಿಗಳಿವೆ, ಅಳತೆ ಅವರೇ ಹೇಳಬೇಕು. ಮನೆಯಲ್ಲಿರುವ ಬ್ರೂಫೆನ್, ಡೈಕ್ಲೋಫೆನ್ಯಾಕ್, ಡೋಲೋ ನುಂಗಿಸಬೇಡಿ. ಸ್ಟೀರಾಯ್ಡ್ ತಗೊಳ್ಳುತ್ತಿರುವ ನಾಯಿಗೆ ಮೆಲಾಕ್ಸಿಕಾಮ್ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ. ನಾಯಿ ನೋವನ್ನು ಕೂಗಿ ಹೇಳುವುದು ಕಡಿಮೆ. ರಾತ್ರಿ ಮಲಗಿದಲ್ಲಿ ಮಲಗದೆ ಎದ್ದೆದ್ದು ತಿರುಗುವುದು, ಸುಮ್ಮನಿದ್ದಾಗಲೂ ಏದುಸಿರು, ಒಂದೇ ಜಾಗ ನೆಕ್ಕುವುದು, ಮುಟ್ಟಿದರೆ ಗುರ್ರೆನ್ನುವುದು, ಇವೇ ಅದರ ಮಾತು.

ಗಡ್ಡೆ ಒಡೆದಿದ್ದರೆ ನೊಣ ಕೂತು ಹುಳ ಬೀಳುತ್ತದೆ. ದಿನಕ್ಕೆರಡು ಸಲ ಸಲೈನ್‌ನಲ್ಲಿ ತೊಳೆದು, ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಹಳೆಯ ಬನಿಯನ್ ತೊಡಿಸಿ. ಫಿನಾಯಿಲ್ ಸುರಿಯಬೇಡಿ. ಹುಳ ಕಂಡರೆ ಆಸ್ಪತ್ರೆಯಲ್ಲೇ ತೆಗೆಸಿ.

9. ನಿಲ್ಲಿಸುವ ದಿನ

ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಾಲೋಬೋಸ್ ಒಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವು ಹತೋಟಿಯಲ್ಲಿದೆಯೇ (ಉಸಿರಾಟವೂ ಇದರಲ್ಲೇ ಸೇರಿತು), ಊಟ, ನೀರು, ಶುಚಿ, ಉಲ್ಲಾಸ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ, ಹೀಗೆ ಏಳಕ್ಕೂ ಹತ್ತರಂತೆ ಅಂಕ. ಒಟ್ಟು 35 ದಾಟಿದರೆ ಬದುಕು ಪರವಾಗಿಲ್ಲ. ಚಿಕಿತ್ಸೆ ಕೊಡಿಸುವವರೂ ಕೊಡಿಸದವರೂ ಇದನ್ನು ಮಾಡಬೇಕು. ಮನೆಯ ಇಬ್ಬರು ಬೇರೆ ಬೇರೆ ಅಂಕ ಹಾಕಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ಜೊತೆಗೆ ನಿಮ್ಮ ನಾಯಿಗೆ ಪ್ರಾಣವಾದ ಮೂರು ಸಂಗತಿಗಳನ್ನು ಮೊದಲೇ ಗುರುತಿಸಿ. ಹಾಲಿನ ಡೇರಿಗೆ ಜೊತೆಯಲ್ಲಿ ಬರುವುದೋ, ಬೈಕಿನ ಸದ್ದಿಗೆ ಗೇಟಿಗೆ ಓಡುವುದೋ, ಮಗುವಿನ ಪಕ್ಕ ಮಲಗುವುದೋ. ಅವುಗಳಲ್ಲಿ ಎರಡು ನಿಂತವು ಅಂದರೆ ಡಾಕ್ಟರ ಜೊತೆ ದಯಾಮರಣದ ಮಾತು ಆಡುವ ಹೊತ್ತು ಬಂದಿದೆ. ಏದುಸಿರು ಬಿಡುತ್ತಾ ಎರಡು ದಿನ ನರಳುವವರೆಗೆ ಕಾಯುವುದಕ್ಕಿಂತ ನಾಲ್ಕು ದಿನ ಮುಂಚೆ ಕಳಿಸಿಕೊಡುವುದು ನಾಯಿಗೆ ಮಾಡುವ ಉಪಕಾರ.

ದಯಾಮರಣಕ್ಕೆ ಒಪ್ಪುವ ಮುನ್ನ ಕ್ರಮ ಕೇಳಿ ತಿಳಿದುಕೊಳ್ಳಿ. ಮೊದಲು ಮಂಪರು ಕೊಟ್ಟು, ನಾಯಿಗೆ ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಕೊನೆಯ ಇಂಜೆಕ್ಷನ್ ಕೊಡಬೇಕು. ಇದರಲ್ಲಿ ರಾಜಿ ಬೇಡ. ಮನೆಗೇ ಬರುತ್ತಾರೆಯೇ ವಿಚಾರಿಸಿ. ತೋಟದಲ್ಲಿ ಹೂಳುವುದಾದರೆ ಬೋರ್‌ವೆಲ್, ಬಾವಿಯಿಂದ ದೂರ, ನಾಲ್ಕೈದು ಅಡಿ ಆಳದ ಗುಂಡಿ ಮುಂಚೆಯೇ ತೆಗೆಸಿಟ್ಟು, ಮುಚ್ಚಿದ ಮೇಲೆ ಕಲ್ಲು ಹೇರಿ. ಆ ಅರಿವಳಿಕೆ ಔಷಧಿ ದೇಹದಲ್ಲೇ ಉಳಿದಿರುತ್ತದೆ, ಬೇರೆ ನಾಯಿಗಳೋ ಹದ್ದುಗಳೋ ಬಗೆದು ತಿಂದರೆ ಅವೂ ಸಾಯಬಹುದು. ಮಿಕ್ಕ ಕೀಮೋ ಮಾತ್ರೆಗಳನ್ನು ತಿಪ್ಪೆಗೆ ಎಸೆಯದೆ ಆಸ್ಪತ್ರೆಗೇ ವಾಪಸು ಕೊಡಿ.